ಒಂದೇ ಸರದ ಮಣಿಗಳು



ಡಿಸೆಂಬರ್ ಬಂತೆಂದರೆ ನಮ್ಮ ಗುಂಡ್ಲುಪೇಟೆ ಕಡೆಯ ಬೆಳಗುಗಳು ತಡವಾಗಿ ಕಣ್ಣು ಬಿಡುತ್ತವೆ. ಗೋಪಾಲಸ್ವಾಮಿ ಬೆಟ್ಟ ಹೊತ್ತೇರುವ ತನಕ ಮಂಜು ಹೊದ್ದು ಮಲಗಿರುತ್ತದೆ. ಹೊಲದಲ್ಲಿ ಅರಿಸಿನದ ಎಲೆ ಹಣ್ಣಾಗತೊಡಗುತ್ತದೆ, ಹುರುಳಿ ಕಣಕ್ಕೆ ಬರುತ್ತದೆ. ಕ್ರೈಸ್ತರ ಮನೆಗಳಲ್ಲಿ ಇದು ಆಗಮನಕಾಲ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹಚ್ಚುತ್ತ ಕಾಯುವ ಕಾಲ. ಗೋದಲಿ ಕಟ್ಟುವುದಕ್ಕೆಂದು ಮಕ್ಕಳು ಹುಲ್ಲು, ಕಲ್ಲು, ಮಣ್ಣಿನ ಕುರಿಮರಿಗಳನ್ನು ಹೊಂದಿಸುತ್ತಿರುತ್ತಾರೆ. ಅದೇ ಬೀದಿಯಲ್ಲಿ, ಈ ವರ್ಷ ನಮಗೆ ಹಬ್ಬ ಬೇಡವೆಂದು ಬಾಗಿಲು ಮುಂದೆ ಮಾಡಿಕೊಂಡು ಕುಳಿತ ಮನೆಯೂ ಒಂದಿರುತ್ತದೆ. ಸಾವಾದ ಮನೆ, ಸಾಲಕ್ಕೆ ಸಿಕ್ಕಿದ ಮನೆ, ಎದ್ದು ಓಡಾಡಬೇಕಾದವರು ಹಾಸಿಗೆ ಹಿಡಿದ ಮನೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮನೆಯವರ ಜೊತೆ. ಕಷ್ಟ ಮೈಮೇಲೆ ಬಂದಾಗ ಸಂತೋಷ, ಸಮಾಧಾನ ಎನ್ನುವ ಮಾತಿಗೆ ಏನಾದರೂ ಅರ್ಥ ಉಳಿದಿರುತ್ತದೆಯೆ? ದೇವರ ಮೇಲಿನ ನಂಬಿಕೆ ಅಂಥ ಹೊತ್ತಿನಲ್ಲಿ ಏನು ಮಾಡಿಕೊಡುತ್ತದೆ? ನಾನು ಬದುಕಿ ಕಂಡದ್ದನ್ನು, ನಮ್ಮ ಚಾಮರಾಜನಗರ ಜಿಲ್ಲೆ ನನಗೆ ಕಲಿಸಿದ್ದನ್ನು ಇಟ್ಟುಕೊಂಡು ಉತ್ತರ ಹುಡುಕುತ್ತೇನೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಗುಂಡ್ಲುಪೇಟೆಯಿಂದ ಮುಂದೆ ಒಂದು ರಸ್ತೆ ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಗೂ ಕವಲಾಗುತ್ತದಲ್ಲ, ಆ ಎರಡೂ ರಸ್ತೆಯಲ್ಲಿ ಲಾರಿ ಓಡಿಸಿದವರು ಅವರು. ಮೂರೇ ದಿನದ ಜ್ವರ. ಶನಿವಾರ ರಾತ್ರಿ ಹೋದರು, ಭಾನುವಾರ ಮಣ್ಣು ಮಾಡಿದೆವು. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಸೋಮವಾರ ಸಂಜೆ ನಮಗೆ ಜಪ ಕಲಿಸುತ್ತಿದ್ದ ಉಪದೇಶಿ ತಾತ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು ಜೇಬಿನಿಂದ ಜಪಸರ ತೆಗೆದರು.

ಜಪಸರದ ಪರಿಚಯವಿಲ್ಲದ ಕೇಳುಗರಿಗಾಗಿ ಒಂದು ಮಾತು. ಹತ್ತು ಹತ್ತು ಮಣಿಗಳ ಐದು ಗುಂಪು ಪೋಣಿಸಿದ ಸರ ಅದು. ಒಂದೊಂದು ಹತ್ತು ಮಣಿಗೂ ಯೇಸುಸ್ವಾಮಿಯ ಇಲ್ಲವೆ ತಾಯಿ ಮರಿಯಮ್ಮನವರ ಬಾಳಿನ ಒಂದು ಘಟನೆಯನ್ನು ಮನಸ್ಸಿಗೆ ತಂದುಕೊಂಡು ಜಪ ಮಾಡುತ್ತೇವೆ. ಸೋಮವಾರ ಸಂತೋಷದ ಘಟನೆಗಳು, ಮಂಗಳವಾರ ದುಃಖದವು, ಬುಧವಾರ ಮಹಿಮೆಯವು. ಅದು ರೂಢಿ.

ತಾತ ಸಂತೋಷದ ಮೊದಲನೆಯದನ್ನು ಹೇಳಲು ಹೊರಟಾಗ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. "ತಾತ, ನಾಳೇದ ಇವತ್ತೇ ಹೇಳು. ಅಪ್ಪ ಸತ್ತೋಗದೆ. ಸಂತೋಷದ್ದ ಹೆಂಗೆ ಹೇಳದು?" ಎಂದುಬಿಟ್ಟೆ. ಅಮ್ಮ ತಲೆ ಎತ್ತಿ ನೋಡಿದಳು. ತಾತ ಗದರಲಿಲ್ಲ. ಸರವನ್ನು ನನ್ನ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿ ಮುಚ್ಚಿ, "ಸೋಮವಾರಕ್ಕೊಂದು ಸರ, ಮಂಗಳವಾರಕ್ಕೊಂದು ಸರ ಅಂತ ಇಲ್ಲ ಕನ ಮಗ. ಎಲ್ಲಾಕೂ ಇದೇ ಮಣಿ. ನೀನು ಸುಮ್ನೆ ಹಿಡ್ಕ. ನಾವು ಹೇಳ್ತೀವಿ" ಅಂದರು.

ನಾನು ಹಿಡಿದುಕೊಂಡೆ. ಅವರು ಹೇಳಿದರು. ಬಾಗಿಲ ಬಳಿ ಪಕ್ಕದ ಮನೆ ದೊಡ್ಡವ್ವ ಕುಳಿತಿದ್ದರು. ಅವರು ಮಾದಪ್ಪನ ಒಕ್ಕಲು, ನಮ್ಮ ಜಪ ಅವರಿಗೆ ಬಾರದು. ನಮ್ಮ ಮನೆಯಲ್ಲಿ ಒಲೆ ಹಚ್ಚದ ಆ ಮೂರು ದಿನವೂ ಅವರ ಮನೆಯ ರಾಗಿಮುದ್ದೆ, ಉಪ್ಸಾರು ನಮ್ಮ ತಟ್ಟೆಗೆ ಬಂತು. ಜಪ ಮುಗಿಯುವ ತನಕ ಅವರು ಅಲ್ಲೇ ಕುಳಿತಿದ್ದು, ಕೊನೆಗೆ ಸೆರಗಿನಿಂದ ಅಮ್ಮನ ಮುಖ ಒರೆಸಿ, "ಸಮಾಧಾನ ಮಾಡ್ಕಳವ್ವ" ಎಂದು ಎದ್ದು ಹೋದರು.

ಈ ಎರಡು ಮಾತು, ತಾತನದೊಂದು ದೊಡ್ಡವ್ವನದೊಂದು, ನನ್ನನ್ನು ಇಲ್ಲಿಯ ತನಕ ನಡೆಸಿಕೊಂಡು ಬಂದಿವೆ.

ಮೊದಲು ತಾತನ ಮಾತು. ದೊಡ್ಡವನಾದ ಮೇಲೆ ಆ ಸಂತೋಷದ ಐದು ಘಟನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮೊದಲನೆಯದು, ದೇವದೂತ ಬಂದು ನೀನು ತಾಯಿಯಾಗುತ್ತೀ ಎಂದು ಮರಿಯಳಿಗೆ ಹೇಳಿದ್ದು. ನಿಶ್ಚಿತಾರ್ಥವಾಗಿದ್ದರೂ ಇನ್ನೂ ಗಂಡನ ಮನೆ ಸೇರದ ಹುಡುಗಿಗೆ ಊರು ಏನೆಂದೀತು ಎಂಬ ಹೆದರಿಕೆ ಅದರ ಬೆನ್ನಿಗೇ ಇದೆ. ಎರಡನೆಯದು, ಆ ಹುಡುಗಿ ಬೆಟ್ಟದ ಸೀಮೆಗೆ ಹೋಗಿ, ಮುಪ್ಪಿನಲ್ಲಿ ಬಸುರಾಗಿದ್ದ ಬಂಧು ಎಲಿಜಬೇತಳ ಮನೆಯಲ್ಲಿ ಮೂರು ತಿಂಗಳು ಇದ್ದದ್ದು. ಮೂರನೆಯದು, ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ದನದ ಗೋದಲಿಯಲ್ಲಿ ಮಲಗಿಸಿದ್ದು. ನಾಲ್ಕನೆಯದು, ಹಸುಗೂಸನ್ನು ದೇವಾಲಯಕ್ಕೆ ಒಯ್ದಾಗ ಸಿಮೆಯೋನನೆಂಬ ಮುದುಕ ಎತ್ತಿಕೊಂಡು ಹರಸಿದ್ದು. ಹರಸಿದ ಆ ಬಾಯಲ್ಲೇ, ನಿನ್ನ ಹೃದಯವನ್ನು ಕತ್ತಿಯೊಂದು ಇರಿಯುವ ದಿನ ಬರುತ್ತದೆ ಎಂದು ತಾಯಿಗೆ ಹೇಳುತ್ತಾನೆ. ಐದನೆಯದಂತೂ ಕಳೆದುಹೋದ ಮಗನನ್ನು ತಂದೆತಾಯಿ ಹುಡುಕಿ, ಮೂರು ದಿನದ ಮೇಲೆ ಕಂಡದ್ದು.

ಇವು ನಮ್ಮ ಹಿರಿಯರು ಸಂತೋಷದ್ದೆಂದು ಆರಿಸಿ ಇಟ್ಟ ಘಟನೆಗಳು! ಕಣ್ಣೀರು ಸೋಕದ್ದು ಇದರಲ್ಲಿ ಎಷ್ಟು? ಹೆದರಿಕೆ, ಅಲೆದಾಟ, ಬಡತನ, ಮುಂದೆ ಬರುವ ನೋವಿನ ಸುಳಿವು, ಮಗ ಕಾಣದ ಮೂರು ದಿನ. ಆದರೂ ಇವನ್ನು ಸಂತೋಷದ್ದೆಂದು ಕರೆದರು. ಒಂದೊಂದರಲ್ಲೂ ಯಾರೋ ಒಬ್ಬರು ಬರುತ್ತಾರೆ, ಜೊತೆಗೆ ನಿಲ್ಲುತ್ತಾರೆ. ದೂತ ಬಂದ, ಮರಿಯ ಎಲಿಜಬೇತಳ ಮನೆಗೆ ಬಂದಳು, ಕುರುಬರು ಗೋದಲಿಗೆ ಬಂದರು, ಮುದುಕ ದೇವಾಲಯಕ್ಕೆ ಬಂದ, ಕೊನೆಗೆ ಮಗ ಮನೆಗೆ ಬಂದ. ಯೇಸುವಿಗೆ ಇಮ್ಮಾನುವೇಲ ಎಂಬ ಹೆಸರೂ ಉಂಟು. ದೇವರು ನಮ್ಮ ಜೊತೆಯಲ್ಲಿದ್ದಾನೆ ಎಂಬುದು ಆ ಹೆಸರಿನ ಅರ್ಥ. ಕ್ರೈಸ್ತನ ಸಂತೋಷವೆಲ್ಲ ಆ 'ಜೊತೆ' ಎಂಬ ಒಂದು ಮಾತಿನಲ್ಲಿದೆ. ಕಷ್ಟ ನಮ್ಮ ಮನೆ ಹೊಕ್ಕಾಗ ದೇವರೂ ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಾನೆ ಎಂಬುದು ನನ್ನ ನಂಬಿಕೆ.

ಇನ್ನು ದೊಡ್ಡವ್ವನ ಮಾತು. ಯೇಸು ತನ್ನ ಶಿಷ್ಯರಿಗೆ ಬಿಟ್ಟು ಹೋದ ಶಾಂತಿಗೆ ಕನ್ನಡದ ಕೆಲವು ಬೈಬಲ್ ಅನುವಾದಗಳಲ್ಲಿ 'ಸಮಾಧಾನ' ಎಂಬ ಪದವಿದೆ. ಈ ಪದದ ಹತ್ತಿರ ಕುಳಿತಷ್ಟೂ ನನಗೆ ನಮ್ಮ ಭಾಷೆಯ ಮೇಲೆ ಪ್ರೀತಿ ಹೆಚ್ಚುತ್ತದೆ. ಶಾಂತಿ ತಾನಾಗಿ ನೆಲೆಸಬಹುದು. ಸಮಾಧಾನವನ್ನಾದರೋ ಮಾಡಬೇಕು. ಅಳುವ ಮಗುವನ್ನು ಎತ್ತಿ ಸಮಾಧಾನ ಮಾಡುತ್ತೇವೆ. ಜಗಳವಾಡಿದವರನ್ನು ಕೂರಿಸಿ ಸಮಾಧಾನ ಮಾಡುತ್ತೇವೆ. ಸಾವಿನ ಮನೆಗೆ ಸಮಾಧಾನ ಹೇಳಲು ಹೋಗುತ್ತೇವೆ. ನಮ್ಮ ಜನದ ಬಾಯಲ್ಲಿ ಅದು ಕೈಕಾಲು ಇರುವ ಪದ, ಎದ್ದು ಇನ್ನೊಬ್ಬರ ಮನೆಗೆ ನಡೆದು ಹೋಗುವ ಪದ. ಯೇಸುವೂ ಅದನ್ನು ಹಾಗೆಯೇ ಕೊಟ್ಟ. ಪುನರುತ್ಥಾನದ ದಿನ ಸಂಜೆ ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಶಿಷ್ಯರ ನಡುವೆ ಬಂದು ನಿಂತು, ಸಮಾಧಾನ ಹೇಳಿ, ತನ್ನ ಕೈಯ ಗಾಯಗಳನ್ನು ತೋರಿಸಿದ. ಗಾಯ ಇನ್ನೂ ಇತ್ತು. ಅದನ್ನು ಕಂಡ ಮೇಲೆಯೇ ಶಿಷ್ಯರಿಗೆ ಸಂತೋಷವಾಯಿತೆಂದು ಯೋಹಾನನು ಬರೆದಿದ್ದಾನೆ.

ಈ ಸೀಮೆಯಲ್ಲಿ ಕ್ರೈಸ್ತ ನಂಬಿಕೆ ಬೇರೂರಿದ್ದೂ ಹೀಗೆಯೇ. 1648ರಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕೆಲಸ ಶುರು ಮಾಡಿದರು. ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕನ್ನಡ ಕಲಿಯುವುದು. ಒಂದೂವರೆ ಶತಮಾನದ ಮೇಲೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ, ಚೆದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಫ್ರಾನ್ಸಿನ ಅಬೆ ದ್ಯುಬುವಾ ಬಂದರು. ನಮ್ಮ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಯುದ್ಧಗಳಿಂದ ಕಂಗೆಟ್ಟಿದ್ದ ಜನಕ್ಕೆ ಸಿಡುಬಿನ ಕಾಟ ಬೇರೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದೇ 1802ರಲ್ಲಿ. ಮರುವರ್ಷವೇ ದೊಡ್ಡ ಸ್ವಾಮಿಯವರು ಊರೂರು ತಿರುಗಿ ದೇವಿ ಹಾಕಿಸಲು ಹೊರಟರು. 1803-04ರಲ್ಲಿ ಹೀಗೆ ಹಾಕಿಸಿಕೊಂಡವರ ಲೆಕ್ಕ 25,432. ನಿರ್ಗತಿಕರಾಗಿದ್ದ ಕ್ರೈಸ್ತ ಕುಟುಂಬಗಳಿಗೆ ಹಾಸನದ ಬಳಿಯ ಸಾತಳ್ಳಿಯಲ್ಲಿ ಉತ್ತು ಬಿತ್ತಲು ನೆಲ ಮಾಡಿಕೊಟ್ಟರು. 1823ರಲ್ಲಿ ತಮ್ಮ ದೇಶಕ್ಕೆ ಮರಳುವ ತನಕ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬಾಳಿದರು. ಜೊತೆಯಲ್ಲಿದ್ದಾನೆ ಎನ್ನುವ ದೇವರನ್ನು ಸಾರಬೇಕಾದವನು ತಾನೂ ಜೊತೆಯಲ್ಲಿರಬೇಕಲ್ಲವೆ?

ಹತ್ತಿರದ ಕಾಲಕ್ಕೆ ಬರುತ್ತೇನೆ. 2018ರ ಡಿಸೆಂಬರ್ 14, ಶುಕ್ರವಾರ. ಹನೂರು ಭಾಗದ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ಉಂಡ ಜನ ನಿಂತಲ್ಲೇ ಕುಸಿದರು. ಪ್ರಸಾದದಲ್ಲಿ ವಿಷ ಬೆರೆತಿತ್ತು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹದಿನೇಳು ಜನ ಉಳಿಯಲಿಲ್ಲ. ಸಿಕ್ಕ ಸಿಕ್ಕ ವಾಹನಗಳಲ್ಲಿ ಅವರನ್ನು ಕರೆತಂದ ಆಸ್ಪತ್ರೆಗಳಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯೂ ಒಂದು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ, ಮಾದಪ್ಪನ ಪರಸೆಯವರು ಉಘೇ ಎನ್ನುತ್ತ ಬೆಟ್ಟಕ್ಕೆ ನಡೆಯುವ ದಾರಿಯಲ್ಲೇ ಇರುವ ಕ್ರೈಸ್ತ ಸಿಸ್ಟರುಗಳ ಆಸ್ಪತ್ರೆ ಅದು. ಮಾರಮ್ಮನ ಒಕ್ಕಲಿನ ನಾಡಿ ಹಿಡಿಯುವ ಕೈಗೆ ನೀನು ಯಾರ ಒಕ್ಕಲು ಎಂದು ಕೇಳುವ ಪುರುಸೊತ್ತೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ.

ಅದರ ಮೂರನೆಯ ದಿನ, ಡಿಸೆಂಬರ್ 16, ಆಗಮನಕಾಲದ ಮೂರನೆಯ ಭಾನುವಾರ. ಆಗಮನಕಾಲದ ನಾಲ್ಕು ಬತ್ತಿಗಳಲ್ಲಿ ಮೂರು ನೇರಳೆ ಬಣ್ಣದವು. ಮೂರನೆಯ ಭಾನುವಾರದ್ದು ಮಾತ್ರ ಗುಲಾಬಿ. ಅದು ಸಂತೋಷದ ಭಾನುವಾರ. ಇಡೀ ಜಿಲ್ಲೆ ಹೆಣಗಳನ್ನು ಮಣ್ಣು ಮಾಡುತ್ತಿದ್ದಾಗ ನಾವು ಗುಲಾಬಿ ಬತ್ತಿ ಹಚ್ಚಬೇಕಾಗಿ ಬಂತು. ನನಗೆ ಮತ್ತೆ ಒಂಬತ್ತು ವರ್ಷದ ಹುಡುಗನ ಸಿಟ್ಟೇ ಬಂತು. ಅಂದಿನ ಬಲಿಪೂಜೆಯ ವಾಚನ ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ. ಎಲ್ಲ ಹೊತ್ತಿನಲ್ಲೂ ಸಂತೋಷವಾಗಿರಿ, ಯಾವುದಕ್ಕೂ ಚಿಂತೆಗೆ ಬೀಳದೆ ದೇವರಲ್ಲಿ ಹೇಳಿಕೊಳ್ಳಿ, ಬುದ್ಧಿಗೆ ನಿಲುಕದ ಶಾಂತಿಯೊಂದು ನಿಮ್ಮ ಮನಸ್ಸನ್ನು ಕಾಯುತ್ತದೆ ಎಂಬ ಅರ್ಥದ ಮಾತುಗಳು ಅಲ್ಲಿವೆ.

ಇದನ್ನು ಯಾರು ಬರೆದರು, ಎಲ್ಲಿ ಕುಳಿತು ಬರೆದರು, ಯಾರಿಗೆ ಬರೆದರು ಎನ್ನುವುದು ಮುಖ್ಯ. ಬರೆದವನು ಸೆರೆಮನೆಯಲ್ಲಿದ್ದ. ತಲೆ ಉಳಿಯುತ್ತದೋ ಹೋಗುತ್ತದೋ ಅವನಿಗೇ ಗೊತ್ತಿರಲಿಲ್ಲ. ಇನ್ನು ಫಿಲಿಪ್ಪಿ ಎಂಬ ಊರು ಅವನಿಗೆ ಹೊಸದಲ್ಲ. ಮುಂಚೆ ಅದೇ ಊರಿನಲ್ಲಿ ಅವನಿಗೂ ಜೊತೆಗಾರ ಸೀಲನಿಗೂ ಛಡಿ ಏಟು ಕೊಟ್ಟು, ಕಾಲಿಗೆ ಕೋಳ ತೊಡಿಸಿ, ಒಳಗಿನ ಸೆರೆಗೆ ನೂಕಿದ್ದರು. ನಡುರಾತ್ರಿಯಲ್ಲಿ ಅವರಿಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಆ ರಾತ್ರಿ ಪೌಲನ ಗಾಯ ತೊಳೆದು, ಮನೆಗೆ ಕರೆದೊಯ್ದು ಊಟಕ್ಕೆ ಬಡಿಸಿದವನು ಆ ಸೆರೆಮನೆಯ ಅಧಿಕಾರಿಯೇ. ಸಂತೋಷವಾಗಿರಿ ಎಂಬ ಪತ್ರ ಹೋದದ್ದು ಅಂಥವರಿದ್ದ ಊರಿಗೆ. ಬಾಸುಂಡೆ ಎದ್ದ ಬೆನ್ನನ್ನು ಕಣ್ಣಾರೆ ಕಂಡಿದ್ದವರು ಆ ಮಾತನ್ನು ಹಗುರವೆಂದು ತಿಳಿಯುವಂತಿರಲಿಲ್ಲ. ಆ ಭಾನುವಾರ ನಾವು ಗುಲಾಬಿ ಬತ್ತಿ ಹಚ್ಚಿದೆವು. ಸುಳ್ವಾಡಿಗಾಗಿ ಪ್ರಾರ್ಥಿಸಿದೆವು. ಬತ್ತಿಯ ಬೆಳಕಿಗೂ ಕಣ್ಣೀರಿಗೂ ಜಗಳವೇನೂ ಇರಲಿಲ್ಲ.

ಗುಡಿಯವರೂ ಚರ್ಚಿನವರೂ ಹೀಗೆ ಜೊತೆಯಾಗುವುದಕ್ಕೆ ಒಂದು ಚಿತ್ರ ಹತ್ತಿರದಲ್ಲೇ ಇದೆ. ನಮ್ಮ ಗಡಿಯ ಪಾಲಾರ್ ದಾಟಿ ಮುಂದೆ ಹೋದರೆ ಮೆಟ್ಟೂರು ಜಲಾಶಯದ ಹಿನ್ನೀರು. 1934ರಲ್ಲಿ ಆ ಅಣೆಕಟ್ಟು ಮುಗಿದಾಗ ಪಣ್ಣವಾಡಿಯಲ್ಲಿ ಒಂದು ಶಿವನ ಗುಡಿಯೂ ಒಂದು ಹಳೆಯ ಚರ್ಚೂ ಮುಳುಗಿದವು. ಬರ ಬಂದು ನೀರು ತೀರ ಇಳಿದ ವರ್ಷ ಗುಡಿಯ ನಂದಿಯೂ ಚರ್ಚಿನ ಜೋಡಿ ಗೋಪುರವೂ ಮತ್ತೆ ಮೇಲೆದ್ದು ಕಾಣುತ್ತವೆ. ಮುಳುಗುವಾಗಲೂ ಜೊತೆ, ಕಾಣಿಸಿಕೊಳ್ಳುವಾಗಲೂ ಜೊತೆ. ಕಷ್ಟಕಾಲ ನಮ್ಮನ್ನು ನೆರೆಯವರನ್ನಾಗಿ ಮಾಡುತ್ತದೆ ಎನ್ನುವುದಕ್ಕೆ ನನಗೆ ಬೇರೆ ಉಪಮೆ ಬೇಕಿಲ್ಲ.

ಕೇಳುಗರೆ, ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2021ರ ಮೇ 2ರ ರಾತ್ರಿಯನ್ನು ಚಾಮರಾಜನಗರ ಮರೆಯುವುದಿಲ್ಲ. ಆಕ್ಸಿಜನ್‌ಗಾಗಿ ಪರದಾಡಿದ ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 24 ಜೀವಗಳು ಹೋಗಿದ್ದವು. ಕೋವಿಡ್ ಹಾವಳಿಯ ಆ ದಿನಗಳಲ್ಲಿ ಚರ್ಚುಗಳ ಬಾಗಿಲು ಮುಚ್ಚಿತ್ತು. ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ. ಆ ರಾತ್ರಿ ಗಂಡನನ್ನು ಕಳೆದುಕೊಂಡ, ನನ್ನ ತಂಗಿಯ ವಯಸ್ಸಿನ ಹೆಂಗಸೊಬ್ಬಳಿಗೆ ಫೋನ್ ಮಾಡಿ, ಏನು ಹೇಳಲಿ ಎಂದು ತಿಳಿಯದೆ, "ದೇವರ ಚಿತ್ತ, ಏನು ಮಾಡೋದು" ಎಂದುಬಿಟ್ಟೆ. ಆಕೆ ಉತ್ತರ ಕೊಡದೆ ಫೋನ್ ಇಟ್ಟಳು. ನನ್ನ ಮಾತಿನ ತಪ್ಪು ನನಗೆ ಆಗಲೇ ತಿಳಿಯಿತು. ಮನುಷ್ಯರ ಕೊರತೆಯಿಂದ ಆದ ಸಾವನ್ನು ದೇವರ ಚಿತ್ತದ ಲೆಕ್ಕಕ್ಕೆ ಬರೆಯಲು ನಾನು ಯಾರು? ಯೇಸು ತನ್ನ ಗೆಳೆಯ ಲಾಜರನ ಗೋರಿಗೆ ಹೋಗುವಾಗ ಕಣ್ಣೀರಿಟ್ಟನೇ ಹೊರತು ಅಳುವವರಿಗೆ ಬುದ್ಧಿ ಹೇಳಲಿಲ್ಲ. ಬೈಬಲಿನ ಯೋಬನ ಕಥೆಯಲ್ಲಿ ಅವನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಅವನ ನೋವನ್ನು ಹೆಚ್ಚಿಸಿದರು. ಮರುದಿನ ಮತ್ತೆ ಫೋನ್ ಮಾಡಿ, "ತಪ್ಪಾಯ್ತು ಕಣಮ್ಮ, ನೀನು ಮಾತಾಡು, ನಾನು ಕೇಳ್ತೀನಿ" ಎಂದೆ. ಆಕೆ ಬಹಳ ಹೊತ್ತು ಅತ್ತಳು. ನಾನು ಫೋನ್ ಹಿಡಿದುಕೊಂಡು ಕುಳಿತಿದ್ದೆ. ಆಮೇಲೆ ತಿಂಗಳುಗಟ್ಟಲೆ ಸಂಜೆ ಹೊತ್ತು ಅದೇ ನನ್ನ ಪ್ರಾರ್ಥನೆಯಾಯಿತು.

ನಂಬಿಕೆಯುಳ್ಳವನು ಅಳಬಾರದು, ಕೊರಗಬಾರದು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಬೈಬಲಿನ 150 ಕೀರ್ತನೆಗಳಲ್ಲಿ ದೇವರ ಮುಂದೆ ಗೋಳಿಟ್ಟವು, ಎಲ್ಲಿದ್ದೀಯಪ್ಪಾ ಎಂದು ಅವನನ್ನೇ ಕೇಳಿದವು ಎಷ್ಟೋ ಇವೆ. ಅವೂ ಪ್ರಾರ್ಥನೆಗಳೇ. ಹಾಗೆಯೇ, ನಿದ್ದೆ ಬಾರದೆ, ಅನ್ನ ಸೇರದೆ, ಬದುಕು ಸಾಕೆನಿಸುವ ಮಟ್ಟಕ್ಕೆ ಮನಸ್ಸು ಕುಸಿದಿದ್ದರೆ ವೈದ್ಯರ ಹತ್ತಿರ ಹೋಗುವುದು ನಂಬಿಕೆಗೆ ಕಡಿಮೆಯೇನಲ್ಲ. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ಖರ್ಚಿಲ್ಲ. ಲೂಕನೆಂಬ ವೈದ್ಯ ಬರೆದ ಸುವಾರ್ತೆಯನ್ನು ಓದುವವರು ನಾವು. ವೈದ್ಯರ ಕೈಯೂ ದೇವರು ನಮ್ಮ ಜೊತೆಗೆ ಕಳಿಸಿದ ಕೈ.

ಹಾಗಾದರೆ ಕಷ್ಟದ ನಡುವೆ ದಿನ ದಿನ ಏನು ಮಾಡಬಹುದು? ನಾನು ರೂಢಿ ಮಾಡಿಕೊಂಡಿರುವುದನ್ನು ಹೇಳುತ್ತೇನೆ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನದ ನೋವನ್ನು ಹೆಸರು ಹಿಡಿದು ದೇವರಿಗೆ ಹೇಳುತ್ತೇನೆ. ಮಳೆ ಬರಲಿಲ್ಲ, ಆನೆ ಬಂದು ಬಾಳೆ ತುಳಿದು ಹೋಯಿತು, ಮಗ ಫೋನ್ ಮಾಡಲಿಲ್ಲ, ಹೀಗೆ. ದೊಡ್ಡ ಮಾತು ಬೇಕಿಲ್ಲ. ಆಮೇಲೆ ಆ ದಿನ ಕೈಗೆ ಬಂದ ಒಂದು ಒಳ್ಳೆಯದನ್ನು ಹೆಸರು ಹಿಡಿದು ಹೇಳುತ್ತೇನೆ. ಎಂಥ ಕೆಟ್ಟ ದಿನದಲ್ಲೂ ಒಂದು ಲೋಟ ಕಾಫಿ ಕೊಟ್ಟವರು ಯಾರಾದರೂ ಇರುತ್ತಾರೆ. ಕೊನೆಗೆ, ನಾಳೆ ನಾನು ಯಾರ ಮನೆಗೆ ಹೋಗಬೇಕು ಎಂದು ಕೇಳಿಕೊಳ್ಳುತ್ತೇನೆ. ಈ ಮೂರನೆಯದನ್ನು ಬಿಟ್ಟ ದಿನ ಮೊದಲಿನ ಎರಡೂ ಸಪ್ಪೆಯಾಗುವುದನ್ನು ಕಂಡಿದ್ದೇನೆ. ಮರಿಯಮ್ಮನವರು ತಮ್ಮ ಹೆದರಿಕೆಯನ್ನು ಹೊತ್ತುಕೊಂಡೇ ಎಲಿಜಬೇತಳ ಮನೆಗೆ ನಡೆದರು. ಅವರ ಬಾಯಿಂದ ಹಾಡು ಹೊರಟದ್ದು ತಮ್ಮ ಮನೆಯಲ್ಲಲ್ಲ, ಆ ಮನೆಯ ಹೊಸಿಲು ದಾಟಿದ ಮೇಲೆ.

ಉಪದೇಶಿ ತಾತ ಇಲ್ಲ, ದೊಡ್ಡವ್ವನೂ ಇಲ್ಲ. ಅಮ್ಮ ತನ್ನ ಕೊನೆಯ ದಿನಗಳಲ್ಲಿ ಮಾತು ನಿಂತು ಮಲಗಿದ್ದಳು. ಅದೇ ಹಳೆಯ ಜಪಸರವನ್ನು ಅವಳ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದೆ. ಅವಳಿಗೆ ಹೇಳಲಾಗುತ್ತಿರಲಿಲ್ಲ. ಮಂಚದ ಸುತ್ತ ಕುಳಿತು ನಾವು ಹೇಳಿದೆವು. ಅವತ್ತು ವಾರ ಯಾವುದೆಂದು ನಾವು ಯಾರೂ ನೋಡಲಿಲ್ಲ. ಸಂತೋಷದ್ದನ್ನೂ ದುಃಖದ್ದನ್ನೂ ಮಹಿಮೆಯದನ್ನೂ ಒಂದರ ಹಿಂದೆ ಒಂದು ಹೇಳುತ್ತ ಹೋದೆವು. ಅವಳ ಹೆಬ್ಬೆರಳು ಮಣಿಯಿಂದ ಮಣಿಗೆ ಮೆಲ್ಲಗೆ ಸರಿಯುತ್ತಿತ್ತು.

ಈ ಡಿಸೆಂಬರಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿರುವ ನನ್ನ ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ನಿಮಗೆ ಪ್ರಾರ್ಥನೆಯ ಮಾತು ಬಾಯಿಗೆ ಬಾರದಿದ್ದರೆ ಬೇಡ. ಸುಮ್ಮನೆ ಹಿಡಿದುಕೊಳ್ಳಿ. ನಾವು ಹೇಳುತ್ತೇವೆ.